ಎಣ್ಣೆ ಮುಟ್ಟದ ಕೈ

ನಮ್ಮ ಮನೆಯಲ್ಲಿ ಥಂಡಿ ಶುರುವಾದದ್ದು ಗೊತ್ತಾಗುತ್ತಿದ್ದುದು ಊಟಕ್ಕೆ ಕುಳಿತಾಗ. ಗೌರವ್ವತ್ತೆ ಕೆಂಪು ಖಾರದ ಬಟ್ಟಲನ್ನು ಮುಂಗೈಯಿಂದ ಆಚೆ ದೂಡಿ, ರೊಟ್ಟಿಗೆ ಬರೀ ಮೊಸರು ಹಾಕಿಸಿಕೊಂಡಳೆಂದರೆ ತೀರಿತು, ಇನ್ನು ಶಿವರಾತ್ರಿ ಬರುವವರೆಗೆ ಅವಳ ಬೆರಳಿಗೆ ಖಾರ, ಹುಳಿ, ಉಪ್ಪು ಯಾವುದೂ ಆಗಿಬರುತ್ತಿರಲಿಲ್ಲ. ಚರ್ಮ ಸೀಳುತ್ತಿತ್ತು. ಮೊದಲು ಹೆಬ್ಬೆರಳ ತುದಿ, ಆಮೇಲೆ ತೋರುಬೆರಳು, ಆಮೇಲೆ ಅಂಗೈಯ ಗೆರೆಗಳು. ನಾವು ಮಕ್ಕಳು ಚಟ್ನಿ ನೆಕ್ಕುತ್ತ ಅವಳ ಕೈಯನ್ನೇ ನೋಡುತ್ತಿದ್ದೆವು. ಬೆರಳಿಂದ ರೊಟ್ಟಿ ಮುರಿಯಲಾಗದೆ ಎರಡು ಅಂಗೈ ನಡುವೆ ಒತ್ತಿ ಮುರಿಯುತ್ತಿದ್ದಳು. ಒಮ್ಮೆಯೂ ಹಾ ಅಂದವಳಲ್ಲ. ಹಾ ಅಂದರೆ ಅಪ್ಪನಿಗೆ ಕೇಳಿಸೀತು ಎಂಬ ಅಂಜಿಕೆ. ಬೇರೆ ಯಾವ ಅಂಜಿಕೆಯೂ ಅವಳಿಗೆ ಇದ್ದದ್ದನ್ನು ನಾನು ಕಾಣೆ.

ಗೌರವ್ವತ್ತೆ ನನ್ನ ಅಪ್ಪನ ಅಕ್ಕ. ಬೀಳಗಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ತಂದ ಮರುದಿನವೇ ಅತ್ತೆ ಟ್ರಂಕು ಎತ್ತಿಕೊಂಡು ಬನಹಟ್ಟಿಯ ಬಸ್ಸು ಹತ್ತಿದಳಂತೆ. ಇದು ನಾನು ಹುಟ್ಟುವ ಮೊದಲಿನ ಮಾತು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳಿಲ್ಲದ ಮನೆ ಹೇಗಿತ್ತೆಂಬುದು ಮನೆಯವರಿಗೇ ಮರೆತುಹೋಗಿತ್ತು. ಆದರೆ ಕೊಟ್ಟ ಹೆಣ್ಣುಮಗಳು ತವರಿನಲ್ಲಿ ಉಳಿಯಬೇಕೆಂದರೆ ಏನಾದರೂ ಕಾರಣ ಬೇಕಲ್ಲ. ತಮ್ಮನ ಪ್ರೀತಿ, ತಾಯಿಯ ಕರುಳು ಇವನ್ನೆಲ್ಲ ನಮ್ಮ ಓಣಿಯ ಹಿರಿಯರು ಕಾರಣವೆಂದು ಒಪ್ಪುವವರಲ್ಲ. ಅವರು ಒಪ್ಪಿಕೊಂಡಿದ್ದ ಕಾರಣ ಒಂದೇ: ಅತ್ತೆಯ ಬೆರಳಿಲ್ಲದೆ ನಮ್ಮ ಮಗ್ಗ ನಡೆಯುವುದಿಲ್ಲ.

ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುವ ಮಗ್ಗ. ಒಂದು ಅಪ್ಪನದು, ಉಳಿದವುಗಳ ಮೇಲೆ ಓಣಿಯ ನೇಕಾರರು ಬಂದು ಕೂರುತ್ತಿದ್ದರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ತೀರುತ್ತ ಬಂದಾಗ ಹೊಸ ಹಾಸು ತಂದು ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಗಂಟು ಹಾಕುವಂತಿಲ್ಲ, ಹಣಿಗೆಯ ಹಲ್ಲಿನ ಸಂದಿಯಲ್ಲಿ ಗಂಟು ದಾಟುವುದಿಲ್ಲ. ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು, ಮಡಚಿ, ಮತ್ತೆ ಹೊಸೆದು ಬಿಡಬೇಕು, ಅಷ್ಟೇ. ಆ ಹುರಿಯೇ ಎಳೆಯನ್ನು ಹಿಡಿದುಕೊಳ್ಳಬೇಕು. ಬೆರಳು ಜಾರದಿರಲೆಂದು ಪಕ್ಕದಲ್ಲಿ ಕೊಬ್ಬರಿ ಪರಟೆಯ ತುಂಬ ಸೋಸಿದ ಕುಳ್ಳಿನ ಬೂದಿ. ಅತ್ತೆ ಬೂದಿಗೆ ಬೆರಳದ್ದುವುದು, ಎಳೆ ಹೆಕ್ಕುವುದು, ಹೊಸೆಯುವುದು, ಇದನ್ನು ನೋಡುತ್ತ ಕುಳಿತರೆ ನನಗೆ ನಿದ್ದೆ ಬರುತ್ತಿತ್ತು. ಸಾವಿರಾರು ಎಳೆ. ಒಂದೂ ಬಿಡುತ್ತಿರಲಿಲ್ಲ. ಅಪ್ಪ ಮಗ್ಗಕ್ಕೆ ಕುಳಿತು ಹೊಸ ಹಾಸನ್ನು ಮುಂದಕ್ಕೆ ಎಳೆದುಕೊಳ್ಳುವಾಗ ಅವಳು ಬೆನ್ನು ತಿರುಗಿಸಿ ನಿಂತು ಬೇರೇನೋ ಕೆಲಸ ಮಾಡುತ್ತಿದ್ದಳು. ನೋಡುವ ಅಗತ್ಯವೇ ಇಲ್ಲ ಎಂಬ ಠೀವಿ.

ಬೂದಿ ಕೈಯನ್ನು ಒಣಗಿಸುತ್ತದೆ. ಥಂಡಿಯ ಗಾಳಿ ಇನ್ನಷ್ಟು ಒಣಗಿಸುತ್ತದೆ. ಒಣಗಿದ ಕೈಗೆ ಎಣ್ಣೆ ಹಚ್ಚಬೇಕೆಂದು ಹಸುಗೂಸಿಗೂ ಗೊತ್ತು. ಆದರೆ ಎಣ್ಣೆಯ ಕೈಯಿಂದ ಕೆಚ್ಚಿದರೆ ಹುರಿ ನಿಲ್ಲುವುದಿಲ್ಲ, ಎಳೆಗೆ ಹತ್ತಿದ ಜಿಡ್ಡು ಧೂಳು ಹಿಡಿದು ಸೀರೆಯ ಮೇಲೆ ಕಲೆಯಾಗುತ್ತದೆ. ಹಚ್ಚದೆ ಬಿಟ್ಟರೆ ಒಡೆದ ಚರ್ಮಕ್ಕೆ ರೇಶಿಮೆ ಎಳೆ ಸಿಕ್ಕಿ ಹರಿಯುತ್ತದೆ. ಹಿಂಗಾದರೂ ಸೈ, ಹಂಗಾದರೂ ಸೈ, ಅತ್ತೆಗೆ ಬಿಡುಗಡೆಯಿಲ್ಲ. ನಮ್ಮ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮಕ್ಕಳನ್ನು ಪಡಸಾಲೆಯೊಳಗೆ ಬಿಡುತ್ತಿರಲಿಲ್ಲ. ಹಿತ್ತಲ ಬಾಗಿಲಿಂದ ಹೊರಬಿದ್ದು ಓಣಿ ಸುತ್ತಿ ಸಾಲೆಗೆ ಹೋಗಬೇಕು.

ಆ ಮನೆಯಲ್ಲಿ ಉಳಿದವರೆಲ್ಲ ಥಂಡಿಯ ದಿನಗಳಲ್ಲಿ ಜಿಡ್ಡಿನಲ್ಲೇ ಮುಳುಗಿರುತ್ತಿದ್ದೆವು, ಅದೇ ನೋಡಿ ವಿಚಿತ್ರ. ಅಪ್ಪನ ತಾಯಿ, ನಮ್ಮ ಆಯಿ, ಬಚ್ಚಲ ಪಕ್ಕದಲ್ಲಿ ಒಂದು ದವಾಖಾನೆಯನ್ನೇ ಇಟ್ಟಿದ್ದಳು. ಹಿಮ್ಮಡಿಗೆ ಔಡಲೆಣ್ಣೆ ಮತ್ತು ಜೇನುಮೇಣ ಕಾಸಿದ್ದು, ತುಟಿಗೆ ಬೆಣ್ಣೆ, ಮೊಣಕಾಲಿಗೆ ಕುಸುಬೆ ಎಣ್ಣೆ, ಹೊಕ್ಕುಳಿಗೆ ಒಂದು ಹನಿ ತುಪ್ಪ. ಹೊಕ್ಕುಳಿಗೆ ತುಪ್ಪ ಬಿಟ್ಟರೆ ತುಟಿ ಒಡೆಯುವುದಿಲ್ಲವೆಂದು ಅವಳ ನಂಬಿಕೆ. ಸ್ನಾನಕ್ಕೆ ಸಾಬೂನು ಕೊಡುತ್ತಿರಲಿಲ್ಲ, ಕಡಲೆಹಿಟ್ಟು. ನೀರು ಹೆಚ್ಚು ಕಾಯಿಸಿದರೆ ಮೈ ಉರಿಯುತ್ತದೆಂದು ತಾನೇ ಕೈಯದ್ದಿ ನೋಡುತ್ತಿದ್ದಳು. ಗಲ್ಲಕ್ಕೆ ಹಾಲಿನ ಕೆನೆ. ಈ ಕೆನೆಯ ಮೇಲೆ ದಿನಾ ಜಗಳ.

"ಕೆನಿ ಎಲ್ಲಾ ಹುಡುಗೂರ ಗಲ್ಲಕ್ಕ ಬಳದ್ರ ನಾ ಬೆಣ್ಣಿ ಯಾತರ್ಲೆ ತಗೀಲಿ?" ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ಬೆಣ್ಣೀನೂ ಗಲ್ಲಕ್ಕ ಹಚ್ಚೂದಲ್ಲೇನು? ಕೆನಿ ಇದ್ದಾಗ ಹಚ್ಚಿದ್ರ ನಿನ್ನ ರಟ್ಟಿ ನೋಯೂದು ತಪ್ಪತೈತಿ, ಸುಮ್ಕಿರು," ಎಂದು ಆಯಿ ನನ್ನ ಮುಖವನ್ನು ಹಿಡಿದು ತಿಕ್ಕುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸಿ ಗಲ್ಲದ ಮೇಲಿನದನ್ನು ನಾಲಗೆಗೆ ಸಿಕ್ಕಷ್ಟು ನೆಕ್ಕಿಬಿಡುತ್ತಿದ್ದೆ.

ಅವ್ವನ ಕೈ ಮೆತ್ತಗಿದ್ದವು. ದಿನಬೆಳಗಾದರೆ ಒಗ್ಗರಣೆ, ಹಿಟ್ಟು, ಮೊಸರು, ಬೆಣ್ಣೆ. ಅತ್ತೆ ಅಡಿಗೆಮನೆಯೊಳಗೆ ಕಾಲಿಡುತ್ತಿರಲಿಲ್ಲ, ಅವ್ವ ಮಗ್ಗದ ಎಳೆ ಮುಟ್ಟುತ್ತಿರಲಿಲ್ಲ. ಮನೆ ಹೀಗೆ ಎರಡು ಪಾಲಾಗಿತ್ತು. ಅವ್ವನಿಗೆ ಒಳಗೊಳಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಕುಳಿತಲ್ಲಿಗೆ ತಾಟು ಹೋಗಬೇಕು, ಮುಸುರೆ ತಿಕ್ಕುವಂತಿಲ್ಲ, ಕಸ ಬಳಿಯುವಂತಿಲ್ಲ, ಮಹಾರಾಣಿ ಎಂದು ಗೊಣಗುತ್ತಿದ್ದಳು. ಆದರೆ ಚಳಿ ಬಿದ್ದು ಆ ಕೈ ಒಡೆದದ್ದು ಕಂಡಕೂಡಲೇ ಆಕೆಯೇ ರೊಟ್ಟಿ ಮುರಿದು ಮೊಸರಿನಲ್ಲಿ ಕಲಸಿ, ಒಂದು ಮಾತೂ ಆಡದೆ ತಾಟನ್ನು ಅತ್ತೆಯ ಮುಂದೆ ಇಟ್ಟು ಹೋಗುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪ್ರೀತಿ ಎಂದರೆ ಹೀಗೇ ಇರುತ್ತದೆಂದು ನಾನು ಬಹಳ ದಿನ ತಿಳಿದಿದ್ದೆ. ಈಗಲೂ ಯಾರಾದರೂ ಬಾಯಿತುಂಬ ಪ್ರೀತಿ ಮಾತಾಡಿದರೆ ನನಗೆ ಕಸಿವಿಸಿ.

ಜಿಡ್ಡಿಲ್ಲದ ಔಷಧ ಯಾವುದಾದರೂ ಇದ್ದೀತೆ ಎಂದು ಅತ್ತೆ ಹುಡುಕುತ್ತಿದ್ದಳು. ಅಗಸೆ ನೆನೆಸಿದ ಲೋಳೆ ಹಚ್ಚಿ ನೋಡಿದಳು, ಒಣಗಿದ ಮೇಲೆ ಹೊಪ್ಪಳಿಕೆಯೆದ್ದು ಉದುರಿತು. ಲೋಳಸರ ಸೀಳಿ ತಿಕ್ಕಿಕೊಂಡಳು, ತುಸು ಹೊತ್ತು ತಂಪು, ಆಮೇಲೆ ಮತ್ತೆ ಬಿಗಿತ. ಒಂದು ವರ್ಷ ಅವಳಿಗೆ ಏನು ಹೊಳೆಯಿತೋ, ನೂಲಿಗೆ ಹಾಕುವ ಗಂಜಿಯನ್ನೇ ಕೈಗೂ ಬಳಿದುಕೊಂಡಳು. ಗಂಜಿ ಹಾಕಿದರೆ ನೂಲು ಗಟ್ಟಿಯಾಗುತ್ತದಲ್ಲ, ಚರ್ಮವೂ ಯಾಕಾಗಬಾರದು ಎಂದು. ನೇಕಾರರ ಮನೆಯವರಿಗಲ್ಲದೆ ಇಂಥ ಬುದ್ಧಿ ಬೇರೆ ಯಾರಿಗೆ ಬರಬೇಕು! ಗಂಜಿ ಒಣಗಿ ಬಿಗಿದುಕೊಂಡು, ಮುಷ್ಟಿ ಮಡಚಿದಾಗ ಇದ್ದ ಸೀಳುಗಳ ಜೊತೆ ಹೊಸವು ಬಾಯಿಬಿಟ್ಟವು. ಅತ್ತೆ ಬಿದ್ದು ಬಿದ್ದು ನಕ್ಕಳು. "ನಾ ಹಾಸ ಅಲ್ಲ ಬಿಡ, ಮನಷ್ಯಾಳ ಅದೀನಿ ಅಂತ ಖಾತ್ರಿ ಆತು," ಅಂದಳು. ನಗುವಾಗ ತುಟಿಯೂ ಒಡೆದು ರಕ್ತ ಬಂತು.

ಹೇಳಬೇಕಾದದ್ದು ಅದರ ಮುಂದಿನ ಥಂಡಿಯದು. ಆ ವರ್ಷದ ಚಳಿ ಹೊಲದ ಮಣ್ಣನ್ನು ಬಿಟ್ಟು ನಮ್ಮ ಮೈಯನ್ನೇ ಹಿಡಿದಿತ್ತು. ಉಗುರು ಎಳೆದರೆ ತೋಳ ಮೇಲೆ ಬಿಳಿ ಗೆರೆ ಮೂಡುತ್ತಿತ್ತು, ಸಾಲೆಯಲ್ಲಿ ನಾವು ಒಬ್ಬರ ಕೈಮೇಲೆ ಒಬ್ಬರು ಅಕ್ಷರ ಬರೆದು ಆಡುತ್ತಿದ್ದೆವು. ಅತ್ತೆಯ ಹೆಬ್ಬೆರಳು ಉಗುರಿನ ಬುಡದವರೆಗೆ ಸೀಳಿತ್ತು. ಓಣಿಯ ಆ ತುದಿಯಿಂದ ಒಂದೊಂದೇ ಮನೆಯಲ್ಲಿ ಪಾವರ್‌ಲೂಮು ಹಾಕತೊಡಗಿದ್ದರು, ಹಗಲೆಲ್ಲ ಖಟಖಟ. ನಮಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ಸಾವಕಾರರು ಬಂದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಬಸಪ್ಪಾ, ಕೈಮಗ್ಗಕ್ಕ ನೂಲ ಕೊಡೂದ ಬಿಡೂಣು ಅಂತ ನಮ್ಮ ಹುಡುಗೂರು ಅನ್ನಾಕತ್ತಾವ. ಮದವಿ ಸೀರಿ ಇದೊಂದ ಹಾಸ ಕೊಡತೀನಿ. ಸಂಕ್ರಮಣ ಮುಗದಕೂಡ್ಲೆ ಮಗ್ಗಕ್ಕ ಏರಸು. ಹೊತ್ತಿಗಿ ಸರಿಯಾಗಿ ಕೊಟ್ರ ನಾ ಅವರ ಬಾಯಿ ಮುಚ್ಚಸ್ತೀನಿ."

"ಕೊಡತೀನ್ರಿ ಸಾವಕಾರ್ರ. ಅಕ್ಕ ಇರೂತನಕ ನನ್ನ ಮಗ್ಗ ನಿಲ್ಲೂದಿಲ್ಲ," ಅಂದ ಅಪ್ಪ.

ಅದೇ ವಾರ ಬೀಳಗಿಯಿಂದ ಅತ್ತೆಯ ಗಂಡ ಬಂದ. ಜೊತೆಗೆ ಇಬ್ಬರು ಹಿರಿಯರು. ಎರಡನೆಯವಳು ಬಸುರಿ, ಮನೆಯಲ್ಲಿ ಕಸ ಮುಸುರೆಗೆ ಕೈ ಸಾಲದು, ಕಟ್ಟಿಕೊಂಡ ಹೆಂಡತಿ ಇದ್ದಾಳಲ್ಲ ಕಳಿಸಿಕೊಡಿ ಎಂಬುದು ಅವರ ಮಾತು. ನಾಚಿಕೆಯೇ ಇಲ್ಲದ ಮಾತು. ಅದನ್ನು ಅವರು ಚಹಾ ಕುಡಿಯುತ್ತ, ಅವಲಕ್ಕಿ ತಿನ್ನುತ್ತ, ಮಳೆ ಬೆಳೆ ವಿಚಾರಿಸಿದಷ್ಟು ಸಲೀಸಾಗಿ ಆಡಿದರು. ಅತ್ತೆ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಒಡೆದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅವು ಅವರ ಕಣ್ಣಿಗೆ ಬಿದ್ದರೆ ಮಾತು ಮುಗಿದೇಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು.

"ಆಕೀನ ಬಿಟ್ರ ಕೆಚ್ಚೋರು ಯಾರೂ ಇಲ್ರಿ ನಮ್ಮನ್ಯಾಗ," ಅಪ್ಪ ನೆಲ ನೋಡುತ್ತ ಹೇಳಿದ. "ಮದವಿ ಸೀರಿ ಹಾಸ ಒಪ್ಪಕೊಂಡೀನಿ. ಆಕಿ ಹ್ವಾದ್ರ ನಾಕೂ ಮಗ್ಗ ಕುಂತಬಿಡ್ತಾವು."

ಹಿರಿಯರು ಮುಖ ಮುಖ ನೋಡಿಕೊಂಡರು. "ಆತಪಾ. ಅನ್ನದ ಮಾತ ಬಂದ ಮ್ಯಾಲ ನಾವೇನ ಅನ್ನೂದು. ಆಕಿ ಕೆಲಸಾ ನಡೀಲಿ. ನಡೀಲಿಲ್ಲಂದ್ರ ಮತ್ತ ಬರತೀವಿ," ಎಂದು ಎದ್ದರು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, ಒಂದು ರೇಶಿಮೆ ಎಳೆ ತಂದುಕೊಡು ಅಂದಳು. ಅದನ್ನು ಹೆಬ್ಬೆರಳ ಮೇಲೆ ಮೆಲ್ಲಗೆ ಹಾಯಿಸಿದಳು. ಸೀಳಿಗೆ ಸಿಕ್ಕಿ ಎಳೆ ಪಟ್ಟನೆ ಹರಿಯಿತು. ತೋರುಬೆರಳ ಮೇಲೆ ಹಾಯಿಸಿದಳು, ಹರಿಯಿತು. ಇನ್ನೊಂದು ಕೈಯಲ್ಲೂ ಅದೇ. ಅವಳು ನನ್ನತ್ತ ನೋಡಿ, "ಈ ಕೈಲೆ ಮದವಿ ಸೀರಿ ಹಾಸ ಹೆಂಗ ಕೆಚ್ಚಲೇ ಕಸ್ತೂರಿ?" ಅಂದಳು. ನನ್ನನ್ನು ಕೇಳಿದಳು, ನೋಡಿ. ಮನೆಯಲ್ಲಿ ಬೇರೆ ಯಾರನ್ನೂ ಕೇಳುವ ಹಾಗಿರಲಿಲ್ಲ.

ಸಂಕ್ರಮಣದ ದಿನ ನಮ್ಮ ಕಡೆ ಎಳ್ಳು ಅರೆದು, ಅರಿಷಿಣ ಕಲಸಿ ಮೈಗೆಲ್ಲ ಹಚ್ಚಿಕೊಂಡು ಮೀಯುತ್ತೇವೆ. ಹಿಪ್ಪರಗಿಗೆ ಹೋಗಿ ಕೃಷ್ಣೆಯಲ್ಲಿ ಮುಳುಗುವವರೂ ಉಂಟು. ಚಳಿಯಲ್ಲಿ ಬಿರಿದ ಮೈಗೆ ಎಳ್ಳಿನ ಜಿಡ್ಡು ಇಳಿಯಲಿ ಎಂದು ಹಿಂದಿನವರು ಮಾಡಿದ್ದಿರಬೇಕು. ಪ್ರತಿವರ್ಷ ಆಯಿ ಅತ್ತೆಯನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಬೆನ್ನಿಗೂ ಕಾಲಿಗೂ ಎಳ್ಳು ತಿಕ್ಕುತ್ತಿದ್ದಳು. ಅತ್ತೆ ಮಾತ್ರ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಕೂರುತ್ತಿದ್ದಳು, ಪೊಲೀಸರು ಹಿಡಿದ ಕಳ್ಳನ ಹಾಗೆ. ನಾವು ಮಕ್ಕಳು ಬಾಗಿಲಲ್ಲಿ ನಿಂತು ನಗುತ್ತಿದ್ದೆವು. ಆ ವರ್ಷ ಆಯಿ ಹಟ ಹಿಡಿದಳು.

"ಕೈ ಕೆಳಗ ತಾ ಗೌರಿ. ಇವತ್ತೂ ನಾಳಿ ಕರಿ ದಿನಾನೂ ಮಗ್ಗಾ ಮುಚ್ಚಿರತಾವ. ಇವತ್ತ ಹಚ್ಚತೀನಿ, ನಾಳೆ ಕಡ್ಲಿಹಿಟ್ಟ ಹಾಕಿ, ಬೂದಿ ಹಾಕಿ ತಿಕ್ಕಿ ತೊಳಿ. ಎಳ್ಳಿಂದ ಏನ ಅಂಥಾ ಜಿಡ್ಡ? ಎಣ್ಣೀನ ಅದು?"

"ಬ್ಯಾಡ ಬೇ. ಹಾಸ ಬಂದ ಕುಂತೈತಿ."

"ಅದಕ್ಕ ಹೇಳಾಕತ್ತೀನಿ. ಈ ಕೈಲೆ ಕೆಚ್ಚಿದ್ರ ಎಳಿ ಉಳೀತಾವನು? ನೀನ ಹೇಳು."

ಅತ್ತೆ ತಲೆಯೆತ್ತಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಹಂಡೆಯ ನೀರು ಕುದಿಯುತ್ತಿತ್ತು. ಕಡೆಗೆ ಕೈ ಇಳಿಸಿದಳು. ಆಯಿ ಅವುಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಸೀಳಿನೊಳಗೂ ಎಳ್ಳಿನ ಮುದ್ದೆಯನ್ನು ತುಂಬಿ ತುಂಬಿ ತಿಕ್ಕಿದಳು. ಅತ್ತೆ ಕಣ್ಣು ಮುಚ್ಚಿದ್ದಳು. ನೋವಿಗೋ ಸುಖಕ್ಕೋ ಹೇಳಲಾರೆ, ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಅವ್ವ ಬಂದು ತನ್ನ ಸೆರಗಿನಿಂದ ಒರೆಸಿದಳು.

ಕರಿ ದಿನ ಪೂರ್ತಿ ಅತ್ತೆ ಕೈ ತೊಳೆದಳು. ಕಡಲೆಹಿಟ್ಟು, ಅಂಟವಾಳ, ಬೂದಿ, ಮತ್ತೆ ಕಡಲೆಹಿಟ್ಟು. ಮೂಸಿ ನೋಡಿದಳು, ನನ್ನಿಂದ ಮೂಸಿಸಿದಳು, ಎಳ್ಳಿನ ವಾಸನೆಯ ಸುಳಿವಿರಲಿಲ್ಲ. ಸೀಳುಗಳ ಅಂಚು ಮೆತ್ತಗಾಗಿ ಕೂಡಿಕೊಂಡಿದ್ದವು. ರೇಶಿಮೆ ಎಳೆ ಹಾಯಿಸಿದಳು, ಹರಿಯಲಿಲ್ಲ. ಇನ್ನೊಮ್ಮೆ ಹಾಯಿಸಿದಳು. ಆಮೇಲೆ ನನ್ನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು. ಅಷ್ಟು ವರ್ಷಗಳಲ್ಲಿ ಥಂಡಿಯ ದಿನ ಅವಳು ನನ್ನ ಮುಖ ಮುಟ್ಟಿದ್ದು ಅದೇ ಮೊದಲು, ತರಚೀತೆಂದು ಮುಟ್ಟುತ್ತಿರಲಿಲ್ಲ. ಅಂದು ಸಂಜೆ ಊಟಕ್ಕೆ ಕುಳಿತಾಗ ಕೆಂಪು ಖಾರ ಹಾಕಿಸಿಕೊಂಡು, "ಕಮಲಾ, ಇನ್ನೊಂದ ರೊಟ್ಟಿ ತಾ," ಎಂದು ಅವ್ವನನ್ನು ಕೂಗಿದಳು. ಅಪ್ಪ ನಕ್ಕ. ಆ ಸಂಜೆ ನಮ್ಮ ಮನೆಯಲ್ಲಿ ಎಲ್ಲರೂ ಸುಖವಾಗಿದ್ದೆವು.

ಮರುದಿನ ಮುಂಜಾನೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಅತ್ತೆ ಕೂತಲ್ಲಿಂದ ಏಳದೆ ಕೆಚ್ಚಿದಳು. ಎಳೆ ಒಂದೂ ಹರಿಯಲಿಲ್ಲ. ಹಾಡು ಗುನುಗುತ್ತಿದ್ದಳು. ಅದರ ಮರುದಿನ ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಕುಣಿಯಲ್ಲಿ ಕಾಲಿಳಿಸಿ ಹೊಸ ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದುಕೊಂಡ. ಅತ್ತೆ ಎಂದಿನಂತೆ ಬೆನ್ನು ತಿರುಗಿಸಿ ನಿಂತಿದ್ದಳು. ಮೊದಲು ಅಂಚಿನಲ್ಲಿ ಒಂದೆರಡು ಎಳೆ ಬಿಟ್ಟವು. ಅಪ್ಪ ನಿಲ್ಲಿಸಿದ. ಮತ್ತೆ ಎಳೆದ. ಈಗ ನಡುವಿನಲ್ಲಿ ಒಂದು ಪಟ್ಟಿಯೇ ಸಡಿಲಾಗಿ ಜೋತುಬಿತ್ತು. ಕೈ ತೆಗೆದರೂ ಬಿಡುವುದು ನಿಲ್ಲಲಿಲ್ಲ, ತಮ್ಮಷ್ಟಕ್ಕೆ ತಾವೇ ಬಿಟ್ಟುಕೊಳ್ಳುತ್ತ ಹೋದವು. ಎಳೆ ಹರಿದರೆ ಸದ್ದಾಗುತ್ತದೆ, ಹುರಿ ಬಿಚ್ಚಿದರೆ ಸದ್ದೇ ಇಲ್ಲ. ಮೇಲಿನ ಜಿಡ್ಡು ಹೋಗಿತ್ತು ನಿಜ, ಸೀಳಿನ ಆಳದಲ್ಲಿ ಕುಳಿತದ್ದು ಹೋಗಿರಲಿಲ್ಲ. ದಿನವಿಡೀ ಹೊಸೆದು ಹೊಸೆದು ಬೆರಳು ಬಿಸಿಯಾದಂತೆ ಅದು ಜಿನುಗಿ ಹೊರಬಂದಿತ್ತು. ಬೂದಿಯೊಳಗೆ ಬೆರೆತದ್ದು ಕಣ್ಣಿಗೆ ಕಾಣಿಸಿರಲಿಲ್ಲ.

"ಅಕ್ಕಾ," ಅಂದ ಅಪ್ಪ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೈ ತೋರಸು."

ಅತ್ತೆ ತಿರುಗಿದಳು. ಕೈ ತೋರಿಸಲಿಲ್ಲ. ಜೋತುಬಿದ್ದ ಎಳೆಗಳನ್ನು ನೋಡುತ್ತ ನಿಂತಳು.

ಬಿಟ್ಟ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಸಿಕ್ಕಾದವು. ಬಿಡಿಸಲು ಹೋದರೆ ಹರಿದವು. ಅತ್ತೆ ಪರಟೆಯ ಬೂದಿ ಚೆಲ್ಲಿ ಹೊಸ ಬೂದಿ ತಂದು, ಕೈಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡು ಮತ್ತೆ ಕೆಚ್ಚಲು ಕುಳಿತಳು. ಮಾಗುತ್ತಿದ್ದ ಸೀಳುಗಳೆಲ್ಲ ಬಿಚ್ಚಿಕೊಂಡವು. ಕೆಂಪು ಕಲೆ ಎಳೆಯ ಮೇಲೆ ಕಾಣಿಸಿದಾಗ ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಸಾವಕಾರರು ಬಂದರು, ನೋಡಿದರು. ಅವರೂ ಬೈಯಲಿಲ್ಲ. ಉಳಿದ ಹಾಸನ್ನು ಸುತ್ತಿಸಿ ಒಯ್ದು ಓಣಿಯ ಆ ತುದಿಯ ಪಾವರ್‌ಲೂಮಿನವರಿಗೆ ಕೊಟ್ಟರು. ಆಮೇಲೆ ನಮ್ಮ ಮನೆಗೆ ನೂಲು ಬರಲಿಲ್ಲ. ಅಪ್ಪ ಅದೇ ಪಾವರ್‌ಲೂಮಿಗೆ ಆಳಾಗಿ ಹೋಗತೊಡಗಿದ. ಅಲ್ಲಿ ಎಳೆ ಕೂಡಿಸಲು ಬೇರೆ ಗಂಡಾಳುಗಳಿದ್ದರು.

ಬೀಳಗಿಯವರಿಗೆ ಸುದ್ದಿ ಯಾರು ಮುಟ್ಟಿಸಿದರೋ. ಬಂದರು. ಈ ಸಲ ಚಹಾ ಕುಡಿಯುವ ಮೊದಲೇ ಮಾತು ತೆಗೆದರು. "ಈಗೇನ ಅಂತೀಯಪಾ ಬಸಪ್ಪಾ?" ಅಪ್ಪ ತಲೆ ತಗ್ಗಿಸಿದ. ಅವನ ಬಾಯಿಂದ ಒಂದು ಮಾತು ಬಂದೀತೆಂದು ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಅವ್ವ ಅಡಿಗೆಮನೆಯಿಂದ ಹೊರಬಂದು, ಸೆರಗು ತಲೆಯ ಮೇಲೆ ಹೊದ್ದು, ಗಂಡಸರ ಮುಂದೆ ಎಂದೂ ಬಾಯಿ ತೆರೆಯದವಳು, "ನಮ್ಮ ಮನ್ಯಾಗ ಉಣ್ಣಾಕ ಐತ್ರಿ, ಅಕ್ಕಾರ ಇಲ್ಲೇ ಇರ್ಲಿ," ಅಂದಳು. ಹಿರಿಯರಲ್ಲಿ ಒಬ್ಬ, "ನೀ ಒಳಗ ಹೋಗ ತಂಗಿ," ಅಂದ. ಅಪ್ಪ ಆಗಲೂ ತಲೆಯೆತ್ತಲಿಲ್ಲ.

ಆಯಿ ಟ್ರಂಕಿನ ಪಕ್ಕ ಕುಳಿತು ಎದೆ ಬಡಿದುಕೊಂಡು ಅತ್ತಳು. "ನನ್ನ ಕೈ ಸೇದಿಹೋಗಲಿ, ನಾ ಹಚ್ಚಬಾರದಿತ್ತ ಗೌರಿ, ನಾನ ಹಾಳ ಮಾಡಿದ್ನಿ."

"ಮುಗೀತಲ್ಲ ಬೇ, ಬಿಡು. ಅತ್ರ ಎಳಿ ಕೂಡ್ತಾವನು?" ಅಂದಳು ಅತ್ತೆ. ಅಷ್ಟೇ ಅಂದದ್ದು. ಬಸ್ಸು ಹತ್ತುವಾಗ ಕೂಡ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಟ್ರಂಕನ್ನು ಅವಳ ಗಂಡ ಹೊತ್ತುಕೊಂಡ, ಆ ಒಂದು ಕೆಲಸ ಅವನು ಮಾಡಿದ.

ನಾನು ಈಗ ಜಮಖಂಡಿಯಲ್ಲಿದ್ದೇನೆ. ಅತ್ತೆಯ ಅಂದಿನ ವಯಸ್ಸನ್ನು ದಾಟಿ ಬಹಳ ಮುಂದೆ ಬಂದಿದ್ದೇನೆ. ಥಂಡಿ ಬಂತೆಂದರೆ ಮಗಳು ಚರ್ಮದ ಡಾಕ್ಟರರ ಹತ್ತಿರ ಕರೆದೊಯ್ಯುತ್ತಾಳೆ. ಸುಡುನೀರು ಬೇಡ, ಸಾಬೂನು ಕಡಿಮೆ ಮಾಡಿರಿ, ಮೈ ಇನ್ನೂ ಹಸಿಯಿದ್ದಾಗಲೇ ಮುಲಾಮು ಹಚ್ಚಿಕೊಳ್ಳಿರಿ, ಉಣ್ಣೆಯ ಒಳಗೆ ಹತ್ತಿಯ ಬಟ್ಟೆ ಇರಲಿ ಎಂದು ಆ ಹುಡುಗಿ ತಾಳ್ಮೆಯಿಂದ ಹೇಳುತ್ತಾಳೆ. ಒಳ್ಳೆಯ ಹುಡುಗಿ, ಹೇಳುವುದೆಲ್ಲ ಸರಿ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡುವ ಹಕ್ಕು ಒಬ್ಬಳಿಗೆ ಇರಲಿಲ್ಲ, ಒಮ್ಮೆ ಮಾಡಿದ್ದಕ್ಕೆ ಮನೆಯೇ ತಪ್ಪಿಹೋಯಿತು. ಅಂದಿನಿಂದ ನನ್ನದೊಂದು ಕೆಟ್ಟ ಸ್ವಭಾವ: ನೋವು ಕಡಿಮೆಯಾದ ದಿನ ನನಗೆ ಹೆಚ್ಚು ಭಯ. ಮನೆಯವರೆಲ್ಲ ನಗುತ್ತ ಊಟಕ್ಕೆ ಕುಳಿತರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಗಳು ಬೈಯುತ್ತಾಳೆ. ಬೈಯಲಿ, ಈ ವಯಸ್ಸಿನಲ್ಲಿ ತಿದ್ದಿಕೊಳ್ಳಲು ನನ್ನಿಂದಾಗದು.

ಅತ್ತೆಯನ್ನು ನಾನು ಮತ್ತೆ ಕಂಡದ್ದು ಒಂದೇ ಸಲ. ಕಾಲೇಜಿಗೆಂದು ಜಮಖಂಡಿಗೆ ಬಂದಿದ್ದೆ. ಆಯಿ ತೀರಿಕೊಂಡಾಗಲೂ ಬೀಳಗಿಯವರು ಅತ್ತೆಯನ್ನು ಕಳಿಸಿರಲಿಲ್ಲ. ಗೆಳತಿಯ ಅಕ್ಕನ ಮದುವೆಗೆ ಬೀಳಗಿಗೆ ಹೋದವಳು, ದಾರಿ ಕೇಳಿಕೊಂಡು ಅವಳ ಮನೆ ಹುಡುಕಿದೆ. ಅದೂ ಥಂಡಿಯ ಕಾಲವೇ. ಅತ್ತೆ ದನದ ಕೊಟ್ಟಿಗೆಯ ಮುಂದೆ ಸೆಗಣಿ ಬಳಿಯುತ್ತಿದ್ದಳು. ನನ್ನನ್ನು ಗುರುತಿಸಲು ತಡವಾಗಲಿಲ್ಲ, "ಕಸ್ತೂರೀ" ಎಂದು ಕೂಗಿ, ಓಡಿಬಂದು, ಮುಟ್ಟದೆ ನಿಂತಳು. ಕೈ ತೊಳೆದುಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. ಆ ಕೈಗಳನ್ನು ನೋಡಿದೆ. ಬನಹಟ್ಟಿಯಲ್ಲಿ ಸೀಳು ಬ್ಲೇಡಿನ ಗೆರೆಯಷ್ಟಿದ್ದವು, ಇಲ್ಲಿ ಚರ್ಮ ದಡ್ಡುಗಟ್ಟಿ, ಒಳಗಿನ ಕೆಂಪು ಮಾಂಸ ಕಾಣುವಂತೆ ಬಾಯಿಬಿಟ್ಟಿತ್ತು. ನಾನು ಜಮಖಂಡಿಯ ಅಂಗಡಿಯಿಂದ ಅವಳಿಗೆಂದೇ ಒಂದು ಕ್ರೀಮಿನ ಡಬ್ಬಿ ತಂದಿದ್ದೆ. ತೆಗೆದು ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಸಿ, ಛಲೋ ವಾಸನೆ ಎಂದು ನಕ್ಕು, ಮುಚ್ಚಿ ಪಕ್ಕಕ್ಕಿಟ್ಟಳು.

"ಹಚ್ಚಿಕೊ ಅತ್ತಿ. ಹೆಂಗ ಆಗ್ಯಾವ ನೋಡು."

"ಬ್ಯಾಡ ತಗಿ. ಜಿಡ್ಡ ಒಮ್ಮಿ ಒಳಗ ಇಳದ್ರ ಲಗೂ ಹೋಗೂದಿಲ್ಲ."

"ಹೋಗದಿದ್ರ ಏನಾತು? ಇಲ್ಲಿ ಎಲ್ಲಿ ಐತಿ ಮಗ್ಗ?"

ಅವಳು ಮನೆಯ ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಇಲ್ಲಿ ಬಂದ ಮ್ಯಾಲ ಒಂದ ಹನಿ ಎಣ್ಣಿ ಮುಟ್ಟಿಲ್ಲ ನಾ. ನಿಮ್ಮಪ್ಪ ಇಂಥಾ ದಿನಾ ಬಾ ಅಂತ ಹೇಳಿ ಕಳಸಿದ್ರ, ಅವತ್ತ ನನ್ನ ಕೈ ಸ್ವಚ್ಛ ಇರಬೇಕಲ್ಲ? ಮತ್ತ ಹಂಗ ಆಗಬಾರದು. ಹೇಳು, ಮಗ್ಗಾ ಹೆಂಗ ಅದಾವು? ಎಣ್ಣಿ ಕೈಲೆ ಯಾರೂ ಮುಟ್ಟಿಲ್ಲಲಾ?"

ಸುಳ್ಳು ಹೇಳಬಹುದಿತ್ತು. ಅವಳ ಆ ಕೈ ನೋಡುತ್ತ ನನಗೆ ಸುಳ್ಳು ಬರಲಿಲ್ಲ.

"ಮಗ್ಗಾ ಮಾರ್ಯಾರ ಅತ್ತಿ. ಕುಣಿ ಮುಚ್ಚಿ, ಮ್ಯಾಲ ಫರಸಿ ಹಾಸ್ಯಾರ. ಪಡಸಾಲಿ ಬಾಡಿಗಿ ಕೊಟ್ಟಾರ."

"ನಾಕೂ?"

"ನಾಕೂ."

ಅತ್ತೆ ಕೊಟ್ಟಿಗೆಯ ದನಗಳತ್ತ ಮುಖ ತಿರುಗಿಸಿದಳು. ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅವಳು ಓಗೊಡಲಿಲ್ಲ. ಆಮೇಲೆ ಡಬ್ಬಿಯನ್ನು ನನ್ನ ಕಡೆ ಸರಿಸಿ, ಎರಡೂ ಕೈಗಳನ್ನು ನನ್ನ ಮಡಿಲಲ್ಲಿ ಇಟ್ಟಳು.

"ಹಂಗಾದ್ರ ಹಚ್ಚು," ಅಂದಳು.